ಊರಿನ ಮನೆಗೆ ಆಂಬುಲೆನ್ಸ್ ತಲುಪಬೇಕಾದರೆ: ಬೆಂಗಳೂರಿನಲ್ಲಿರುವ ಮಲೆನಾಡಿನ ಮಕ್ಕಳಿಗೆ ಒಂದು ಮಾರ್ಗದರ್ಶಿ

ಆಷಾಢದ ಒಂದು ರಾತ್ರಿ ಹನ್ನೊಂದೂವರೆಗೆ ವಿಜಯನಗರದ ನಮ್ಮ ಮನೆಯಲ್ಲಿ ಫೋನ್ ಹೊಡೆದುಕೊಂಡಿತು. ಕೊಪ್ಪದ ಕಡೆಯ ನಮ್ಮೂರಿನಲ್ಲಿ ಮೂರು ದಿನದಿಂದ ಕರೆಂಟ್ ಇರಲಿಲ್ಲ. "ನಿನ್ನ ಅಪ್ಪಯ್ಯನಿಗೆ ಎದೆ ಹಿಡಿದುಕೊಂಡಿದೆ ಕಣೋ, ಮೈಯೆಲ್ಲ ಬೆವರು" ಎಂದರು ಚಿಕ್ಕಮ್ಮ. ನಾನು ಬೆಂಗಳೂರಿನಿಂದಲೇ 108ಕ್ಕೆ ಕರೆ ಮಾಡಿದೆ. ಕರೆ ತಕ್ಷಣ ಸಿಕ್ಕಿತು, ವಾಹನವೂ ಹೊರಟಿತು. ಆದರೆ ನಾನು ಹೇಳಿದ್ದು ಊರಿನ ಹೆಸರು ಮಾತ್ರ. ನಮ್ಮ ಸುತ್ತಮುತ್ತ ಅದೇ ಹೆಸರಿನ ಊರುಗಳು ಮೂರಿವೆ ಎಂಬುದು ಆ ಗಾಬರಿಯಲ್ಲಿ ನನಗೆ ಹೊಳೆಯಲಿಲ್ಲ. ಆಂಬುಲೆನ್ಸ್ ಇನ್ನೊಂದು ಊರಿನ ಬಸ್ ತಂಗುದಾಣದ ಮುಂದೆ ಮಳೆಯಲ್ಲಿ ನಿಂತಿತ್ತು. ಚಾಲಕರಿಗೆ ಅಲ್ಲಿ ನೆಟ್‌ವರ್ಕ್ ಇರಲಿಲ್ಲ, ನಮ್ಮ ಮನೆಯಲ್ಲಂತೂ ಮೊದಲೇ ಇರಲಿಲ್ಲ. ಮುಕ್ಕಾಲು ಗಂಟೆ ಹಾಗೆಯೇ ಹೋಯಿತು. ಕೊನೆಗೆ ಪಕ್ಕದ ತೋಟದವರ ಜೀಪಿನಲ್ಲಿ ಅಪ್ಪಯ್ಯ ತಾಲ್ಲೂಕು ಆಸ್ಪತ್ರೆ ಸೇರಿದರು, ಬದುಕಿದರು.

ಆ ಮುಕ್ಕಾಲು ಗಂಟೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ವಾಹನ ಇತ್ತು, ಚಾಲಕರಿದ್ದರು, ಔಷಧಿಯೂ ಇತ್ತು. ಮನೆಯ ಮಂಚದಿಂದ ಆಂಬುಲೆನ್ಸ್ ನಿಲ್ಲಬಹುದಾದ ಜಾಗದವರೆಗಿನ ದಾರಿಯ ಬಗ್ಗೆ ಮಾತ್ರ ಯಾರೂ ಯೋಚಿಸಿರಲಿಲ್ಲ. ಬೆಂಗಳೂರಿನಲ್ಲಿ ಆಂಬುಲೆನ್ಸ್ ಬಾಗಿಲಿಗೆ ಬರುತ್ತದೆ. ಮಲೆನಾಡಿನಲ್ಲಿ ಅದು ಎಲ್ಲೋ ಒಂದು ಕಡೆಗೆ ಬರುತ್ತದೆ. ಅಲ್ಲಿಯವರೆಗೆ ರೋಗಿಯನ್ನು ಒಯ್ಯುವುದು ನಮ್ಮ ಕೆಲಸ, ಮತ್ತು ಆ ಕೆಲಸವನ್ನು ಬಿಸಿಲಿರುವಾಗಲೇ ಮಾಡಿಟ್ಟುಕೊಳ್ಳಬೇಕು. ಮುಂದಿನ ಬಾರಿ ಊರಿಗೆ ಹೋದಾಗ ಒಂದು ದಿನವನ್ನು ಇದಕ್ಕೆಂದೇ ಇಟ್ಟುಕೊಳ್ಳಿ.

1. ಯಾವ ಸಂಖ್ಯೆ ಯಾವುದಕ್ಕೆ ಎಂದು ತಿಳಿದಿರಲಿ

ನಮ್ಮ ರಾಜ್ಯದ 108 ಸೇವೆ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಶುರುವಾಯಿತು. ಹಣ ಕೊಡಬೇಕಾಗಿಲ್ಲ. ಇಡೀ ರಾಜ್ಯದ 108 ಕರೆಗಳನ್ನು ಸ್ವೀಕರಿಸುವ ಕೇಂದ್ರ ಇರುವುದು ಬೆಂಗಳೂರಿನಲ್ಲೇ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಕಳಸದ ಅಜ್ಜಿ ಮಾಡಿದ ಕರೆಯೂ ನೀವು ರಾಜಾಜಿನಗರದಿಂದ ಮಾಡಿದ ಕರೆಯೂ ತಲುಪುವುದು ಅಲ್ಲಿಗೇ. ಹಾಗಾಗಿ ಊರಿನಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ನೀವು ಇಲ್ಲಿಂದ ಕರೆ ಮಾಡಿ ಅಲ್ಲಿಗೆ ವಾಹನ ಕಳಿಸುವಂತೆ ಕೇಳಬಹುದು. ಕರೆ ಸಿಕ್ಕಿದ ಕೂಡಲೇ "ರೋಗಿ ಇರುವುದು ಬೆಂಗಳೂರಿನಲ್ಲಲ್ಲ, ಚಿಕ್ಕಮಗಳೂರು ಜಿಲ್ಲೆ, ಕೊಪ್ಪ ತಾಲ್ಲೂಕಿನಲ್ಲಿ" ಎಂಬ ಮಾತಿನಿಂದ ಆರಂಭಿಸಿ. ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯಿತಿ, ಊರು, ಮನೆ ಎಂಬ ಕ್ರಮದಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಬನ್ನಿ. ಗ್ರಾಮ ಪಂಚಾಯಿತಿಯ ಹೆಸರು ಹೇಳಿದ್ದರೆ ಅಂದು ನಮ್ಮ ಆಂಬುಲೆನ್ಸ್ ದಾರಿ ತಪ್ಪುತ್ತಿರಲಿಲ್ಲ.

ಬೇರೆ ರಾಜ್ಯದಲ್ಲಿರುವಾಗ 108 ಒತ್ತಿದರೆ ಕರೆ ಆ ರಾಜ್ಯದ ಕೇಂದ್ರಕ್ಕೆ ಹೋಗುತ್ತದೆ. ಕೊಡಗಿನ ಗಡಿಯ ಕೆಲವು ಊರುಗಳಲ್ಲಿ ಮೊಬೈಲ್ ಕೇರಳದ ಟವರನ್ನು ಹಿಡಿಯುವುದರಿಂದ ಮನೆಯಲ್ಲಿ ಕುಳಿತೇ ಈ ತೊಂದರೆ ಬರಬಹುದು. ಅಂಥ ಮನೆಯವರು ಬೆಂಗಳೂರಿನ ಮಕ್ಕಳಿಗೆ ಫೋನ್ ಮಾಡುವುದು, ಮಕ್ಕಳು ಇಲ್ಲಿಂದ 108ಕ್ಕೆ ಹೇಳುವುದು ಹೆಚ್ಚು ಭರವಸೆಯ ದಾರಿ.

112 ಪೊಲೀಸ್, ಅಗ್ನಿಶಾಮಕ, ವೈದ್ಯಕೀಯ ನೆರವು ಎಲ್ಲಕ್ಕೂ ಒಂದೇ ಸಂಖ್ಯೆ. ಅದರ ಒಂದು ಗುಣವನ್ನು ಮನೆಯವರಿಗೆ ಹೇಳಿಕೊಡಿ. ನಿಮ್ಮ ಸಿಮ್‌ನ ಟವರ್ ಸಿಗದಿದ್ದರೂ ಬೇರೆ ಯಾವುದಾದರೂ ಕಂಪನಿಯ ಟವರ್ ಸಿಗುತ್ತಿದ್ದರೆ ಆ ಟವರಿನ ಮೂಲಕ 112ಕ್ಕೆ ಕರೆ ಹೋಗುತ್ತದೆ. ಪರದೆಯ ಮೇಲೆ ತುರ್ತು ಕರೆ ಮಾತ್ರ ಎಂದು ಕಂಡರೆ 112 ಒತ್ತಿ. 104 ಆರೋಗ್ಯ ಸಲಹೆಯ ಸಹಾಯವಾಣಿ. ಜ್ವರ, ಔಷಧಿಯ ಅನುಮಾನಗಳಿಗೆ ಅದು ಒಳ್ಳೆಯದು. ಎದೆನೋವಿಗೆ ಅದನ್ನು ಒತ್ತಿ ಹೊತ್ತು ಕಳೆಯಬೇಡಿ.

2. ಮಂಚದಿಂದ ರಸ್ತೆಯವರೆಗೆ ನಡೆದು ನೋಡಿ

ಇಡೀ ಸಿದ್ಧತೆಯಲ್ಲಿ ಹೆಚ್ಚಿನ ಸಮಯ ಕೊಡಬೇಕಾದದ್ದು ಈ ಹೆಜ್ಜೆಗೆ. ಕೈಯಲ್ಲಿ ಒಂದು ನೋಟ್‌ಬುಕ್ ಹಿಡಿದು, ಅಪ್ಪ ಮಲಗುವ ಕೋಣೆಯಿಂದ ಹೊರಡಿ. ಬಾಗಿಲಿನ ಅಗಲ ಎಷ್ಟು? ಜಗಲಿಯಿಂದ ಅಂಗಳಕ್ಕೆ ಎಷ್ಟು ಮೆಟ್ಟಿಲು? ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟುತ್ತದೆಯೇ? ದಣಪೆ ದಾಟಿದ ಮೇಲೆ ತೋಟದ ದಾರಿಯಲ್ಲಿ ಹಳ್ಳ ಇದೆಯೇ, ಇದ್ದರೆ ಅದರ ಸಂಕ (ಕಾಲುಸೇತುವೆ) ಮರದ್ದೋ ಸಿಮೆಂಟಿನದ್ದೋ? ಇಬ್ಬರು ಅಕ್ಕಪಕ್ಕ ನಡೆಯಲು ಅದರ ಮೇಲೆ ಜಾಗ ಇದೆಯೇ? ಎಸ್ಟೇಟಿನ ಗೇಟು ರಾತ್ರಿ ಬೀಗ ಹಾಕಿರುತ್ತದೆಯೇ, ಕೀಲಿ ಯಾರ ಬಳಿ?

108 ವಾಹನ ಟೆಂಪೋ ಟ್ರಾವೆಲರ್ ಗಾತ್ರದ್ದು. ಜೀಪ್ ಹತ್ತುವ ಕಡೆಗಳಿಗೆಲ್ಲ ಅದು ಹತ್ತುವುದಿಲ್ಲ. ಕೆಸರಿನ ಏರಿನಲ್ಲಿ ಅದರ ಚಕ್ರ ಹೂತುಕೊಂಡರೆ ರೋಗಿಯ ಜೊತೆಗೆ ವಾಹನವನ್ನೂ ಎತ್ತಬೇಕಾಗುತ್ತದೆ. ಹಾಗಾಗಿ ಅದು ಬಂದು, ತಿರುಗಿಸಿಕೊಂಡು, ಹೊರಡಲು ಆಗುವ ಕೊನೆಯ ಜಾಗವನ್ನು ಗುರುತಿಸಿ. ತಿರುಗಿಸುವ ಜಾಗವನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಇಕ್ಕಟ್ಟಿನ ದಾರಿಯಲ್ಲಿ ಅರ್ಧ ಕಿಲೋಮೀಟರ್ ಹಿಂದಕ್ಕೆ ಓಡಿಸುವುದು ಮಳೆಯ ಕತ್ತಲಲ್ಲಿ ಅಪಾಯ.

ಹೀಗೆ ಎರಡು ಜಾಗಗಳನ್ನು ಇಟ್ಟುಕೊಳ್ಳಿ. ಒಂದು ಬೇಸಿಗೆಯದು, ಮನೆಗೆ ಹತ್ತಿರವಾದದ್ದು. ಇನ್ನೊಂದು ಮಳೆಗಾಲದ್ದು, ಸ್ವಲ್ಪ ದೂರವಾದರೂ ಡಾಂಬರು ರಸ್ತೆಯ ಮೇಲಿರುವುದು, ಯಾರನ್ನು ಕೇಳಿದರೂ ಗೊತ್ತಿರುವುದು. ಶಾಲೆ, ಸೊಸೈಟಿ, ದೇವಸ್ಥಾನದ ಕಮಾನು, ಬಸ್ ತಂಗುದಾಣ, ಇಂಥವು. ನಮ್ಮ ಮನೆಯ ಮಳೆಗಾಲದ ಜಾಗ ಈಗ ಹಾಲಿನ ಡೇರಿ. ಅಲ್ಲಿ ಸೂರು ಇದೆ, ಗೋಡೆಯ ಮೇಲೆ ಊರಿನ ಹೆಸರು ದೊಡ್ಡದಾಗಿ ಬರೆದಿದೆ.

ಆ ಜಾಗದಲ್ಲಿ ನಿಂತು ಮೊಬೈಲಿನ ಗೂಗಲ್ ಮ್ಯಾಪ್ ತೆರೆಯಿರಿ. ನೀವು ನಿಂತ ಜಾಗ ತೋರಿಸುವ ನೀಲಿ ಚುಕ್ಕೆಗೆ ಇಂಟರ್ನೆಟ್ ಬೇಕಾಗಿಲ್ಲ, ಉಪಗ್ರಹದ ಸಂಕೇತ ಸಾಕು. ಚುಕ್ಕೆಯ ಮೇಲೆ ಬೆರಳು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶ ಎಂಬ ಎರಡು ಸಂಖ್ಯೆಗಳು ಕಾಣುತ್ತವೆ. ನಮ್ಮ ಕಡೆ ಒಂದು 13ರಿಂದ, ಇನ್ನೊಂದು 75ರಿಂದ ಶುರುವಾಗುತ್ತದೆ. ದಶಮಾಂಶ ಬಿಂದುವಿನ ನಂತರದ ಐದು ಅಂಕಿಗಳವರೆಗೂ ಬರೆದುಕೊಳ್ಳಿ. ಲೊಕೇಶನ್ ಕಳಿಸುತ್ತೇವೆ ಎಂದು ವಾಟ್ಸ್ಆ್ಯಪ್ ನಂಬಿ ಕೂರುವವರಿಗೆ ನನ್ನ ಮಾತು ಇಷ್ಟೇ: ಡೇಟಾ ಇಲ್ಲದ ಕಡೆ ಅದು ಹೋಗುವುದಿಲ್ಲ, ಆದರೆ ಈ ಎರಡು ಸಂಖ್ಯೆಗಳನ್ನು ಎಸ್‌ಎಂಎಸ್ ಮಾಡಬಹುದು, ಬಾಯಲ್ಲೂ ಓದಿ ಹೇಳಬಹುದು.

3. ಹೊತ್ತು ತರುವವರು, ಜೀಪಿನವರು

ಮಲೆನಾಡಿನ ಪತ್ರಿಕೆಗಳಲ್ಲಿ ರೋಗಿಯನ್ನು ಜೋಳಿಗೆ ಕಟ್ಟಿ ಹೊತ್ತೊಯ್ಯುವ ಚಿತ್ರ ಪ್ರತಿ ಮಳೆಗಾಲದಲ್ಲೂ ಬರುತ್ತದೆ. ಅದನ್ನು ನೋಡಿ ಹೊಟ್ಟೆ ಉರಿಯುತ್ತದೆ. ರಸ್ತೆ ಬರಬೇಕು, ಅದಕ್ಕಾಗಿ ಜಗಳವಾಡಲೇಬೇಕು. ಆದರೆ ರಸ್ತೆ ಬರುವವರೆಗೆ ಹೊರುವುದನ್ನು ಸರಿಯಾಗಿ ಕಲಿತಿರಬೇಕು.

ಎರಡು ಗಟ್ಟಿ ಬಿದಿರಿನ ಗಳಗಳು, ಆಳಿಗಿಂತ ಎರಡು ಅಡಿ ಉದ್ದವಿರಲಿ. ಒಂದು ದಪ್ಪ ಕಂಬಳಿ. ಕಂಬಳಿಯನ್ನು ಹಾಸಿ, ಮೂರನೇ ಒಂದು ಭಾಗಕ್ಕೆ ಒಂದು ಗಳ ಇಟ್ಟು ಮಡಿಸಿ. ಮಡಿಕೆಯ ಮೇಲೆ, ಸುಮಾರು ಎರಡು ಅಡಿ ಬಿಟ್ಟು ಇನ್ನೊಂದು ಗಳ ಇಟ್ಟು ಉಳಿದ ಕಂಬಳಿಯನ್ನು ಅದರ ಮೇಲೆ ಹಿಂದಕ್ಕೆ ಮಡಿಸಿ. ರೋಗಿಯ ಭಾರಕ್ಕೇ ಕಂಬಳಿ ಬಿಗಿದುಕೊಳ್ಳುತ್ತದೆ, ಗಂಟು ಬೇಡ. ನಾಲ್ವರು ನಾಲ್ಕು ತುದಿ ಹಿಡಿದರೆ ಹೊರುವುದು ಸುಲಭ. ಎದೆನೋವಿನವರಿಗೆ, ಉಸಿರಾಟದ ತೊಂದರೆಯವರಿಗೆ ಮಲಗುವುದು ಹಿಂಸೆ. ಅವರಿಗೆ ಕೈಗಳಿರುವ ಮರದ ಕುರ್ಚಿಯೇ ಸರಿ. ಕುರ್ಚಿಯ ಎರಡೂ ಬದಿಗೆ ಗಳ ಕಟ್ಟಿ, ಸೊಂಟಕ್ಕೆ ಒಂದು ಪಂಚೆ ಸುತ್ತಿ ಬಿಗಿಯಿರಿ. ಇಳಿಜಾರಿನಲ್ಲಿ ಇಳಿಯುವಾಗ ರೋಗಿಯ ಮುಖ ಏರಿನ ಕಡೆಗಿದ್ದರೆ ಮುಂದಕ್ಕೆ ಬೀಳುವ ಭಯ ಕಡಿಮೆ. ಒಮ್ಮೆ ಆರೋಗ್ಯವಾಗಿರುವ ಒಬ್ಬರನ್ನು ಕೂರಿಸಿ ಸಂಕದವರೆಗೆ ಹೊತ್ತು ನೋಡಿ. ನಾವು ಹೀಗೆ ಮಾಡಿದಾಗಲೇ ನಮ್ಮ ಸಂಕದ ಕೈಹಿಡಿ ಕುರ್ಚಿಯ ಗಳಕ್ಕೆ ತಾಗುತ್ತದೆ ಎಂದು ಗೊತ್ತಾಯಿತು. ಗಳವನ್ನು ಒಂದು ಗೇಣು ಮೇಲಕ್ಕೆ ಕಟ್ಟಿದ ಮೇಲೆ ದಾಟಲು ಆಯಿತು.

ಜೀಪ್, ಪಿಕಪ್ ಇರುವ ನಾಲ್ಕು ಮನೆಗಳ ಪಟ್ಟಿ ಮಾಡಿ. ಅವರ ಮನೆಗೆ ಹೋಗಿ, ಕುಳಿತು, ಕಾಫಿ ಕುಡಿದು ಕೇಳಿ: "ಅಣ್ಣ, ರಾತ್ರಿ ಹೊತ್ತಿನಲ್ಲಿ ಕರೆದರೆ ಬರುತ್ತೀರಾ? ನೀವಿಲ್ಲದಾಗ ಓಡಿಸುವವರು ಯಾರು?" ಇಲ್ಲ ಎನ್ನುವವರು ಮಲೆನಾಡಿನಲ್ಲಿ ನನಗೆ ಸಿಕ್ಕಿಲ್ಲ. ಆದರೆ ಒಬ್ಬರ ಜೀಪಿನ ಬ್ಯಾಟರಿ ಸತ್ತು ತಿಂಗಳಾಗಿತ್ತು, ಇನ್ನೊಬ್ಬರು ಪ್ರತಿ ಶನಿವಾರ ಮಗಳ ಮನೆಗೆ ಹೋಗುತ್ತಿದ್ದರು. ಇದು ಕೇಳಿದರೆ ಮಾತ್ರ ತಿಳಿಯುವ ವಿಷಯ. ಡೀಸೆಲ್‌ಗೆ, ಚಾಲಕರ ದಿನಗೂಲಿಗೆ ಎಂದು ಒಂದಷ್ಟು ಹಣವನ್ನು ಮನೆಯಲ್ಲಿ ಬೇರೆಯಾಗಿ ಇಟ್ಟುಬಿಡಿ.

ನಂತರ ನಿಯಮ ಒಂದೇ: 108ಕ್ಕೆ ಕರೆ ಮಾಡಿದ ಕೂಡಲೇ ಜೀಪಿಗೂ ಹೇಳಿ, ಎದುರು ಹೊರಡಿ. ಆಂಬುಲೆನ್ಸ್ ಬರಲಿ ಎಂದು ಜಗಲಿಯಲ್ಲಿ ಕಾಯಬೇಡಿ. ಮಳೆಗಾಲದ ಜಾಗದಲ್ಲಿ ಸೇರೋಣ ಎಂದು ಫೋನಿನಲ್ಲೇ ತಿಳಿಸಿಬಿಡಿ. ಬೆನ್ನುಮೂಳೆಗೆ ಪೆಟ್ಟಾದವರ ಮಾತು ಬೇರೆ, ಅದನ್ನು ಮುಂದೆ ಹೇಳುತ್ತೇನೆ.

4. ಫೋನ್ ಮತ್ತು ಬೆಳಕು

ಮಲೆನಾಡಿನ ಪ್ರತಿ ಮನೆಗೂ ನೆಟ್‌ವರ್ಕ್ ಸಿಗುವ ಒಂದು ಬಂಡೆಯೋ ಹಲಸಿನ ಮರದ ಬುಡವೋ ಇರುತ್ತದೆ. ಅದು ಮನೆಯ ಹಿರಿಯರಿಗೆ ಮಾತ್ರವಲ್ಲ, ಕೆಲಸದವರಿಗೂ ಗೊತ್ತಿರಲಿ. ಕರೆಂಟ್ ಹೋಗಿ ಕೆಲವು ಗಂಟೆಗಳಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಆದ್ದರಿಂದ ಎರಡು ಬೇರೆ ಕಂಪನಿಗಳ ಸಿಮ್ ಇರುವುದು ಒಳ್ಳೆಯದು. ಮನೆಗೆ ಫೈಬರ್ ಬಂದಿದ್ದರೆ ಮೊಬೈಲಿನಲ್ಲಿ ವೈಫೈ ಕರೆ ಸೌಲಭ್ಯವನ್ನು ಚಾಲೂ ಮಾಡಿಡಿ, ಮೋಡೆಮ್‌ಗೆ ಇನ್ವರ್ಟರ್ ಸಂಪರ್ಕ ಕೊಡಿ. ತಂತಿ ಹರಿಯದಿದ್ದರೆ ಟವರ್ ಸತ್ತ ಮೇಲೂ ಮಾತನಾಡಬಹುದು.

ಆಂಬುಲೆನ್ಸ್ ಬರುವ ಜಾಗದಲ್ಲಿ ಒಬ್ಬರು ಟಾರ್ಚ್ ಹಿಡಿದು ನಿಲ್ಲಲೇಬೇಕು. ಮಂಜಿನಲ್ಲಿ ಮನೆಯ ದೀಪ ಕಾಣುವುದಿಲ್ಲ, ಅಲ್ಲಾಡುವ ಟಾರ್ಚ್ ಕಾಣುತ್ತದೆ.

5. ಗೋಡೆಯ ಮೇಲೊಂದು ಕಾಗದ

ಗಾಬರಿಯಲ್ಲಿ ಸ್ವಂತ ಊರಿನ ಹೆಸರೂ ಬಾಯಿಗೆ ಬರುವುದಿಲ್ಲ. ಆದ್ದರಿಂದ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಾಗಿ ಬರೆದು ಫೋನ್ ಇಡುವ ಜಾಗದ ಮೇಲೆ ಅಂಟಿಸಿ. ಮೇಲ್ಗಡೆ 108 ಮತ್ತು 112. ಅದರ ಕೆಳಗೆ ಜಿಲ್ಲೆಯಿಂದ ಮನೆಯವರೆಗಿನ ವಿಳಾಸ, ಆ ಎರಡು ಜಾಗಗಳ ಹೆಸರು, ಅಕ್ಷಾಂಶ ರೇಖಾಂಶ. ಆಮೇಲೆ ಜೀಪಿನವರು, ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ. ಕೊನೆಯಲ್ಲಿ ಮನೆಯ ಪ್ರತಿಯೊಬ್ಬರ ವಯಸ್ಸು, ಕಾಯಿಲೆ, ದಿನವೂ ನುಂಗುವ ಮಾತ್ರೆ, ಒಗ್ಗದ ಔಷಧಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಅದಕ್ಕೆ ಕೆಂಪು ಗೆರೆ ಎಳೆಯಿರಿ.

ಇದೇ ಕಾಗದದ ಚಿತ್ರವನ್ನು ನಿಮ್ಮ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡ್, ಹಳೆಯ ಇಸಿಜಿ ಇವುಗಳ ನಕಲುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕುರ್ಚಿಯ ಹತ್ತಿರವೇ ನೇತುಹಾಕಿ.

6. ವಾಹನ ಸಿಗುವವರೆಗೆ

ಎದೆನೋವು: ರೋಗಿಯನ್ನು ಒಂದು ಹೆಜ್ಜೆಯೂ ನಡೆಸಬೇಡಿ. ಒರಗಿಸಿ ಕೂರಿಸಿ. ಆಸ್ಪಿರಿನ್ ಒಗ್ಗದಿರುವುದು, ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಲು ಕೊಡುವುದು ವೈದ್ಯರು ಹೇಳುವ ಕ್ರಮ. ನಿಮ್ಮವರಿಗೆ ಅದು ಸರಿಯೇ ಎಂದು ಅವರ ವೈದ್ಯರನ್ನು ಈಗಲೇ ಕೇಳಿಟ್ಟುಕೊಂಡು ಕಾಗದದ ಮೇಲೆ ಬರೆಯಿರಿ. ಗ್ಯಾಸ್ ಇರಬೇಕು, ಜೀರಿಗೆ ನೀರು ಕುಡಿದು ನೋಡೋಣ ಎಂದು ಬೆಳಗಿನವರೆಗೆ ಕಾದು ಸತ್ತವರನ್ನು ನಾನು ಬಲ್ಲೆ. ಬೆವರು, ಎಡಗೈ ಸೆಳೆತ, ದವಡೆಯ ನೋವು ಇದ್ದರೆ ಕಾಯಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬರಿಯ ಸುಸ್ತು, ಉಬ್ಬಸ ಮಾತ್ರ ಇರಬಹುದು.

ಪ್ರಜ್ಞೆ ತಪ್ಪಿ ಉಸಿರಾಟವೂ ನಿಂತರೆ ಎದೆಯ ನಡುಭಾಗದ ಮೇಲೆ ಎರಡೂ ಅಂಗೈ ಇಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, ಎರಡು ಅಂಗುಲದಷ್ಟು ಆಳಕ್ಕೆ ಒತ್ತುತ್ತಿರಬೇಕು. ಇದನ್ನು ಓದಿ ಕಲಿಯಲಾಗದು. ನೀವು ಬೆಂಗಳೂರಿನಲ್ಲೇ ತರಬೇತಿ ಪಡೆದು ಊರಿನ ಹುಡುಗರಿಗೆ ದಿಂಬಿನ ಮೇಲೆ ಮಾಡಿಸಿ ತೋರಿಸಿ.

ಪಾರ್ಶ್ವವಾಯು: ಬಾಯಿ ಸೊಟ್ಟಗಾಗಿದೆಯೇ, ಎರಡೂ ಕೈ ಎತ್ತಿದಾಗ ಒಂದು ಕೆಳಗೆ ಬೀಳುತ್ತದೆಯೇ, ಮಾತು ತೊದಲುತ್ತಿದೆಯೇ ನೋಡಿ. ಕೊನೆಯ ಬಾರಿ ಅವರು ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂದು ಬರೆದಿಟ್ಟುಕೊಳ್ಳಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೆ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಇಲ್ಲಿ ಆಸ್ಪಿರಿನ್ ಬೇಡ, ನೀರೂ ಬೇಡ.

ಹಾವು ಕಡಿತ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ನಮ್ಮಲ್ಲಿ ಸಿಗುವ ಪ್ರತಿವಿಷ ಕೆಲಸ ಮಾಡುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಕಟ್ಟುಹಾವು ರಾತ್ರಿ ಮಲಗಿದ್ದವರನ್ನು ಕಡಿಯುತ್ತದೆ, ಕಡಿದದ್ದು ತಿಳಿಯದೇ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವು ಬಂದು ಕಣ್ಣಿನ ರೆಪ್ಪೆ ಜೋತುಬಿದ್ದರೆ ಹಾವಿನ ಅನುಮಾನ ಇರಲಿ. ಮಲೆನಾಡಿನ ಕಾಫಿ ತೋಟಗಳಲ್ಲಿ ಕಾಣುವ ಗುಳಿಮಂಡಲ ಜಾತಿಯ ಹಾವುಗಳಿಗೆ, ಕಾಳಿಂಗಕ್ಕೆ ಈ ಪ್ರತಿವಿಷ ತಯಾರಾದದ್ದಲ್ಲ. ಆದರೂ ಹೋಗಬೇಕಾದ ಜಾಗ ಆಸ್ಪತ್ರೆಯೇ, ಯಾಕೆಂದರೆ ಉಸಿರಾಟಕ್ಕೆ ಆಸರೆ, ರಕ್ತಸ್ರಾವದ ಮೇಲೆ ನಿಗಾ ಸಿಗುವುದು ಅಲ್ಲಿಯೇ.

ಹಗ್ಗ ಬಿಗಿದು ಕಟ್ಟಬೇಡಿ. ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ಕಾಲುಂಗುರ ಬಿಚ್ಚಿ. ಕಚ್ಚಿದ ಕೈ ಅಥವಾ ಕಾಲಿಗೆ ಅಡಿಕೆ ದಬ್ಬೆಯನ್ನು ಆಸರೆಯಾಗಿಟ್ಟು ಸಡಿಲವಾಗಿ ಸುತ್ತಿ, ಅಲ್ಲಾಡದಂತೆ ಮಾಡಿ, ಹೊತ್ತುಕೊಂಡೇ ಒಯ್ಯಿರಿ. ಹಾವನ್ನು ಹುಡುಕಿ ಕೊಂದು ತರುವುದರಿಂದ ಇನ್ನೊಬ್ಬರಿಗೆ ಕಡಿತವಾಗುತ್ತದೆ, ರೋಗಿಗೆ ಏನೂ ಸಿಗುವುದಿಲ್ಲ. ನಾಟಿ ವೈದ್ಯರ ಮೇಲೆ ಗೌರವ ಇರುವವರು ನಮ್ಮ ಮನೆಯಲ್ಲೂ ಇದ್ದಾರೆ. ಅವರಿಗೆ ನಾನು ಕೈಮುಗಿದು ಹೇಳುವುದು, ಮೊದಲು ಆಸ್ಪತ್ರೆ, ಬೇರೆಯದೆಲ್ಲ ಬಂದ ಮೇಲೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿತು. ಎಲ್ಲಿ ಎಷ್ಟು ಕಡಿತ ಎಂಬ ಲೆಕ್ಕ ಸರಿಯಾದರೆ ಪ್ರತಿವಿಷ ಎಲ್ಲಿ ಎಷ್ಟು ಇರಬೇಕು ಎಂಬುದೂ ಸರಿಯಾಗುತ್ತದೆ.

ಮರದಿಂದ ಬಿದ್ದವರು: ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು, ಆಮೇಲೆ ಕೊನೆ ಕೊಯ್ಯಲು ಅಡಿಕೆ ಮರ ಹತ್ತಿದವರು ಜಾರಿ ಬೀಳುತ್ತಾರೆ. ಇವರನ್ನು ಕಂಬಳಿಯಲ್ಲಿ ಹಾಕಬೇಡಿ, ಕುರ್ಚಿಯಲ್ಲಿ ಕೂರಿಸಬೇಡಿ, ಜೀಪಿನ ಹಿಂದೆ ಮಡಿಸಿ ಮಲಗಿಸಬೇಡಿ. ಬಿದ್ದ ಜಾಗದಲ್ಲಿ ಅಪಾಯವಿಲ್ಲದಿದ್ದರೆ ಆಂಬುಲೆನ್ಸ್ ಸಿಬ್ಬಂದಿ ಬಂದು ಹಲಗೆಗೆ ಕಟ್ಟುವವರೆಗೆ ತಲೆ, ಕುತ್ತಿಗೆ ಅಲ್ಲಾಡದಂತೆ ಹಿಡಿದು ಕೂರುವುದೇ ಸರಿ. ಒಯ್ಯಲೇಬೇಕಾದರೆ ಹಳೆಯ ಬಾಗಿಲಿನ ಹಲಗೆ ತನ್ನಿ. ತಲೆ ಹಿಡಿದವರು ಹೇಳಿದಾಗ ಎಲ್ಲರೂ ಒಟ್ಟಿಗೆ, ದಿಮ್ಮಿ ಉರುಳಿಸುವ ಹಾಗೆ ಒಂದೇ ಅಳತೆಯಲ್ಲಿ ತಿರುಗಿಸಿ ಹಲಗೆಯ ಮೇಲೆ ಮಲಗಿಸಬೇಕು.

ಹೆರಿಗೆ: ಇದು ದಿನ ಗೊತ್ತಿರುವ ತುರ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನ ಬಿದ್ದಿದ್ದರೆ ಒಂದೆರಡು ವಾರ ಮೊದಲೇ ಪೇಟೆಯ ನೆಂಟರ ಮನೆಗೆ ಕರೆದುಕೊಂಡು ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಹೋಗಿಬರುವ ವಾಹನವೂ ಉಚಿತ, ಮನೆಗೆ ಮರಳಿ ಬಿಡಲು 'ನಗು ಮಗು' ವಾಹನಗಳಿವೆ. ಆಶಾ ಕಾರ್ಯಕರ್ತೆಯೊಂದಿಗೆ ಮೊದಲೇ ಮಾತನಾಡಿಟ್ಟುಕೊಳ್ಳಿ.

7. ಯಾವ ಆಸ್ಪತ್ರೆ, ಯಾವ ಘಾಟಿ

ಹತ್ತಿರದ ಆಸ್ಪತ್ರೆ ಯಾವುದು ಎಂದು ಕೇಳಿದರೆ ಸಾಲದು, ಯಾವುದಕ್ಕೆ ಯಾವುದು ಎಂದು ಕೇಳಬೇಕು. ತಾಲ್ಲೂಕು ಆಸ್ಪತ್ರೆಗೆ ಹಗಲಿನಲ್ಲಿ ಒಮ್ಮೆ ಹೋಗಿ ವಿಚಾರಿಸಿ: ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇಲ್ಲಿದೆಯೇ? ಈ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರು ದೂರದಿಂದಲೇ ನೋಡುತ್ತಾರೆ, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಹಾವಿನ ಪ್ರತಿವಿಷ ಎಷ್ಟು ಇದೆ, ರಾತ್ರಿ ವೈದ್ಯರಿರುತ್ತಾರೆಯೇ, ಸಿಟಿ ಸ್ಕ್ಯಾನ್ ಹತ್ತಿರದಲ್ಲಿ ಎಲ್ಲಿ, ಇವನ್ನೂ ಕೇಳಿ ಬರೆದುಕೊಳ್ಳಿ.

ಅದರಾಚೆಗೆ ಎರಡು ದಿಕ್ಕು ಇರಬೇಕು. ಕೊಪ್ಪ, ಶೃಂಗೇರಿಯವರಿಗೆ ಒಂದು ಕಡೆ ಶಿವಮೊಗ್ಗದ ಮೆಗ್ಗಾನ್, ಇನ್ನೊಂದು ಕಡೆ ಆಗುಂಬೆಯ 14 ತಿರುವು ಇಳಿದರೆ ಮಣಿಪಾಲ. ಮೂಡಿಗೆರೆಯವರಿಗೆ ಚಿಕ್ಕಮಗಳೂರು ಮತ್ತು ಹಾಸನ, ಇಲ್ಲವೇ ಚಾರ್ಮಾಡಿ ಇಳಿದು ಮಂಗಳೂರು. ಸಕಲೇಶಪುರದವರಿಗೆ ಹಾಸನ ಅಥವಾ ಶಿರಾಡಿ ಘಾಟಿ ಇಳಿದು ಮಂಗಳೂರು. ಮಡಿಕೇರಿಯವರಿಗೆ ಮೈಸೂರು ಅಥವಾ ಸಂಪಾಜೆ ಘಾಟಿ ಇಳಿದು ಮಂಗಳೂರು. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿಯಿತು, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಮುಚ್ಚಿತು. ಘಾಟಿ ತೆರೆದಿದೆ ಎಂದು ಖಚಿತವಾಗದೆ ಆ ಕಡೆ ವಾಹನ ತಿರುಗಿಸಬೇಡಿ. ಮಳೆಗಾಲದಲ್ಲಿ ಜಿಲ್ಲಾಡಳಿತದ ಸೂಚನೆಗಳನ್ನು ಬೆಂಗಳೂರಿನಲ್ಲಿ ಕುಳಿತು ನೋಡುವ ಕೆಲಸ ನಿಮ್ಮದು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. "ಅಲ್ಲೆಲ್ಲ ಬೇಡ, ಸೀದಾ ಬೆಂಗಳೂರಿಗೆ ಕರೆತನ್ನಿ, ಜಯದೇವಕ್ಕೆ ಸೇರಿಸೋಣ" ಎಂದು ಫೋನಿನಲ್ಲಿ ಹೇಳುವ ಮಕ್ಕಳು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆರೇಳು ಗಂಟೆಯ ದಾರಿಯಲ್ಲಿ ಹೃದಯದ ಸ್ನಾಯು ಕಾಯುವುದಿಲ್ಲ. ಮೊದಲ ಚುಚ್ಚುಮದ್ದು ತಾಲ್ಲೂಕಿನಲ್ಲಿ ಆಗಲಿ, ರೋಗಿ ಸ್ಥಿರವಾಗಲಿ. ಆಮೇಲೆ ವೈದ್ಯರ ಪತ್ರ ಹಿಡಿದು, ಆಮ್ಲಜನಕ, ಮಾನಿಟರ್ ಇರುವ ಆಂಬುಲೆನ್ಸಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು.

8. ಬೆಂಗಳೂರಿನಲ್ಲಿರುವ ನೀವು ಮಾಡಬೇಕಾದದ್ದು

ಊರಿನಲ್ಲಿರುವ ಒಂದೇ ಫೋನಿಗೆ ಅಕ್ಕ, ತಮ್ಮ, ಭಾವ, ಅಮೆರಿಕದ ಮೊಮ್ಮಗ ಎಲ್ಲರೂ ಒಟ್ಟಿಗೆ ಕರೆ ಮಾಡಿದರೆ ಆಂಬುಲೆನ್ಸ್ ಚಾಲಕರ ಕರೆ ಒಳಗೆ ಬರುವುದಿಲ್ಲ, ಬ್ಯಾಟರಿಯೂ ಮುಗಿಯುತ್ತದೆ. ಒಬ್ಬರು ಮಾತ್ರ ಊರಿನೊಂದಿಗೆ ಮಾತನಾಡಲಿ. ಉಳಿದವರಲ್ಲಿ ಒಬ್ಬರು ಆಸ್ಪತ್ರೆಗೆ ಮುಂಚಿತವಾಗಿ ತಿಳಿಸಲಿ, ಒಬ್ಬರು ಹಣ ಕಳಿಸಲಿ. ನೀವೇ ಕಾರು ಹತ್ತಿ ಕಣ್ಣೀರಿನಲ್ಲಿ ರಾತ್ರಿಯೆಲ್ಲ ಓಡಿಸಬೇಡಿ. ಬಸ್ಸಿಗೆ ಹೋಗಿ, ಇಲ್ಲವೇ ಇನ್ನೊಬ್ಬರು ಓಡಿಸಲಿ.

ತುರ್ತು ಸ್ಥಿತಿಯಲ್ಲಿ ಬಂದ ರೋಗಿಗೆ ಯಾವ ಆಸ್ಪತ್ರೆಯೂ ಚಿಕಿತ್ಸೆ ನಿರಾಕರಿಸುವಂತಿಲ್ಲ. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಇದನ್ನು ಹೇಳಿದೆ. ಮುಂಗಡ ಹಣ ಕಟ್ಟಿ ಎಂದು ತುರ್ತು ಚಿಕಿತ್ಸೆ ತಡೆಯುವುದಕ್ಕೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲೂ ಅವಕಾಶವಿಲ್ಲ. ರಸ್ತೆ ಅಪಘಾತವಾದರೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಡಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆ ಇದೆ. ಘಾಟಿಯಲ್ಲಿ ಬಿದ್ದ ಅಪರಿಚಿತರನ್ನು ಎತ್ತಿ ತಂದವರನ್ನು ಪೊಲೀಸರು ಸಾಕ್ಷಿಯಾಗು ಎಂದು ಒತ್ತಾಯಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ವಿಧಿ ಅಂಥವರನ್ನು ಕಾಪಾಡುತ್ತದೆ. ಜೀಪಿನ ಅಣ್ಣನಿಗೂ ಇದನ್ನು ತಿಳಿಸಿಡಿ, ಅವರ ಅರ್ಧ ಭಯ ಹೋಗುತ್ತದೆ.

9. ವಾಹನ ಹತ್ತಿರದಲ್ಲಿ ನಿಲ್ಲುವಂತೆ ಕೇಳಿ

ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಳತೆ 1 ಲಕ್ಷ ಜನಕ್ಕೆ ಒಂದು ಸಾಮಾನ್ಯ ಆಂಬುಲೆನ್ಸ್, 5 ಲಕ್ಷಕ್ಕೆ ಒಂದು ಸುಧಾರಿತ ಆಂಬುಲೆನ್ಸ್. ತಲೆ ಎಣಿಸುವ ಈ ಅಳತೆಯಲ್ಲಿ ಗುಡ್ಡಗಾಡು ಸೋಲುತ್ತದೆ. ಶೃಂಗೇರಿ ತಾಲ್ಲೂಕಿನ ಜನಸಂಖ್ಯೆ 1 ಲಕ್ಷದ ಅರ್ಧದಷ್ಟೂ ಇಲ್ಲ, ಆದರೆ ಅಲ್ಲಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಲು ಹಿಡಿಯುವ ಹೊತ್ತು ಬಯಲುಸೀಮೆಯ ದೊಡ್ಡ ತಾಲ್ಲೂಕಿಗಿಂತ ಹೆಚ್ಚು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಯಲಿನಲ್ಲಿ 30,000 ಜನ, ಗುಡ್ಡಗಾಡಿನಲ್ಲಿ 20,000 ಜನ ಎಂಬ ಬೇರೆ ಅಳತೆ ಇದೆ. ಆಂಬುಲೆನ್ಸಿಗೂ ಅಂಥ ವಿವೇಕ ಬೇಕು: ಜನರ ಜೊತೆಗೆ ದಾರಿಯನ್ನೂ, ತಿರುವನ್ನೂ, ಮಳೆಯನ್ನೂ ಎಣಿಸಬೇಕು.

ಕೇಳುವ ದಾರಿ ಹೀಗಿದೆ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ತಾಲ್ಲೂಕಿನಲ್ಲಿ 108 ವಾಹನಗಳು ಎಲ್ಲೆಲ್ಲಿ ನಿಲ್ಲುತ್ತವೆ, ಕಳೆದ ವರ್ಷ ಯಾವ ವಾಹನ ಎಷ್ಟು ದಿನ ದುರಸ್ತಿಯಲ್ಲಿತ್ತು, ಕರೆಯಿಂದ ರೋಗಿಯವರೆಗೆ ಸರಾಸರಿ ಎಷ್ಟು ನಿಮಿಷ ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಆ ಉತ್ತರವನ್ನು ಹಿಡಿದು, ಮಳೆಗಾಲದ ನಾಲ್ಕು ತಿಂಗಳು ವಾಹನವೊಂದು ಹೋಬಳಿಯಲ್ಲೇ ನಿಲ್ಲಲಿ, ಇಂಥ ಹಳ್ಳದ ಸಂಕ ಆಗಲಿ ಎಂದು ನಿರ್ಣಯ ಬರೆಸಿ. ನಿಮ್ಮಂಥ ಬೆಂಗಳೂರಿನವರು ಹತ್ತು ಜನ ಅದೇ ದಿನ ಊರಿಗೆ ಹೋಗಿ ಕುಳಿತರೆ ಸಭೆಯ ತೂಕವೇ ಬೇರೆ.

10. ಪ್ರತಿ ಮೇ ತಿಂಗಳಲ್ಲಿ ಒಮ್ಮೆ

ಗೋಡೆಯ ಕಾಗದ ಒಂದು ವರ್ಷದಲ್ಲಿ ಹಳೆಯದಾಗುತ್ತದೆ. ಜೀಪ್ ಮಾರಿರುತ್ತಾರೆ, ಆಶಾ ಕಾರ್ಯಕರ್ತೆ ಬದಲಾಗಿರುತ್ತಾರೆ, ಅಮ್ಮನಿಗೆ ಹೊಸ ಮಾತ್ರೆ ಸೇರಿರುತ್ತದೆ. ಮೇ ಕೊನೆಯ ವಾರದಲ್ಲಿ ಪ್ರತಿ ಸಂಖ್ಯೆಗೂ ಒಮ್ಮೆ ಕರೆ ಮಾಡಿ ನೋಡಿ. ಟಾರ್ಚಿನ ಸೆಲ್, ಬಿದಿರಿನ ಗಳ, ಆಸ್ಪಿರಿನ್‌ನ ಅವಧಿ, ಸಂಕದ ಹಲಗೆ ಪರೀಕ್ಷಿಸಿ. ಹೊಸ ಕಾಗದ ಅಂಟಿಸಿದ ಮೇಲೆ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರಿಂದ ಅದನ್ನು ಒಮ್ಮೆ ಗಟ್ಟಿಯಾಗಿ ಓದಿಸಿ. ಹೋದ ವರ್ಷ ನನ್ನ ತಮ್ಮನ ಎಂಟು ವರ್ಷದ ಮಗಳು ಗ್ರಾಮ ಪಂಚಾಯಿತಿಯ ಹೆಸರಿನಿಂದ ಕೊನೆಯ ಅಂಕಿಯವರೆಗೂ ತಡವರಿಸದೆ ಓದಿದಳು. ಅಪ್ಪಯ್ಯ ಜಗಲಿಯ ಕುರ್ಚಿಯಲ್ಲಿ ಕುಳಿತು, "13 ಆದ ಮೇಲೆ ಏನಂದೆ, ಇನ್ನೊಮ್ಮೆ ಹೇಳು" ಎಂದು ಕೇಳಿ ತಾವೂ ಬಾಯಿಪಾಠ ಮಾಡಿಕೊಂಡರು.